ಗಿಣ್ಣಕ್ಕೆ ಬೋಗುಣಿ ಯಾವುದು?

ಪ್ರಶ್ನೆ: ಮನೆಯಲ್ಲಿ ಎಮ್ಮೆ ಈದಿದೆ. ಗಿಣ್ಣ ಬೇಯಿಸಲು ‘ಪುಡಿಂಗ್ ಬೌಲ್’ ಬೇಕೆಂದು ಮೊಬೈಲ್ ವಿಡಿಯೊದಲ್ಲಿ ಹೇಳಿದರು. ಬಾಗಲಕೋಟೆಯ ಅಂಗಡಿಗಳಲ್ಲಿ ಕೇಳಿದರೆ ಗಾಜಿನ ಬಟ್ಟಲು ತೋರಿಸುತ್ತಾರೆ. ಏನು ಮಾಡಲಿ?
– ಗೃಹಿಣಿ, ತುಳಸಿಗೇರಿ

ಉತ್ತರ: ಗಾಜಿಗೆ ದುಡ್ಡು ಹಾಕಬೇಡಿ, ಅಕ್ಕಾವರೇ. ಹೊಲಕ್ಕೆ ಬುತ್ತಿ ಒಯ್ಯುವ ಸ್ಟೀಲ್ ಡಬ್ಬಿ ಇದ್ದೇ ಇರುತ್ತದೆ, ಅದೇ ಸಾಕು.

ನೋಡಬೇಕಾದ್ದು ಪಾತ್ರೆಯ ಹೆಸರನ್ನಲ್ಲ, ಆಳವನ್ನು. ಹಾಲು ಎರಡು ಬೆರಳು ಎತ್ತರ ನಿಲ್ಲಲಿ, ಮೂರು ದಾಟಬಾರದು. ಮಾಮೂಲಿ ಆಕಳ ಹಾಲಿನಲ್ಲಿ ಪ್ರೋಟೀನ್ ಶೇ 3ರಿಂದ 4ರಷ್ಟು. ಈದ ಕೂಡಲೇ ಕರೆದ ಹಾಲಿನಲ್ಲಿ ಶೇ 14ರ ಆಸುಪಾಸು. ಎಮ್ಮೆಯದೂ ಹಾಗೆಯೇ ಗಟ್ಟಿ. ಬಿಸಿ ತಾಗಿದರೆ ಈ ಪ್ರೋಟೀನೇ ಹೆಪ್ಪುಗಟ್ಟುತ್ತದೆ, ಮೊಟ್ಟೆಯೂ ಬೇಡ, ಚೈನಾಗ್ರಾಸೂ ಬೇಡ. ಬಿಸಿ ಬರುವುದು ಪಾತ್ರೆಯ ಗೋಡೆಯಿಂದ. ಆಳದ ಚರಗಿಯಲ್ಲಿಟ್ಟರೆ ಅಂಚಿನದು ಅತಿಯಾಗಿ ಬೆಂದು ತೂತುಬಿದ್ದು ನೀರೊಡೆಯುತ್ತದೆ, ನಡುವೆ ಮಾತ್ರ ಇನ್ನೂ ಹಾಲೇ ಇರುತ್ತದೆ. ಅಗಲ ಡಬ್ಬಿಯಲ್ಲಿ ಎಲ್ಲವೂ ಒಟ್ಟಿಗೆ ಕಟ್ಟುತ್ತದೆ.

ದೊಡ್ಡ ಪಾತ್ರೆಯ ತಳಕ್ಕೆ ಹಳೆ ಅರಿವೆಯ ಸಿಂಬಿ ಇಡಿ. ಡಬ್ಬಿ ಕಟಕಟ ಕುಣಿಯುವುದಿಲ್ಲ, ತಳಕ್ಕೆ ನೇರ ಉರಿಯೂ ತಾಗುವುದಿಲ್ಲ. ನೀರು ಡಬ್ಬಿಯ ಅರ್ಧದವರೆಗೆ ಇರಲಿ. ಡಬ್ಬಿಯ ಮುಚ್ಚಳ ಬಿಗಿಯಬೇಡಿ. ಬದಲಿಗೆ ತೆಳು ಬಿಳಿ ಅರಿವೆ ಹೊದಿಸಿ ಅಂಚಿನ ಕೆಳಗೆ ದಾರ ಕಟ್ಟಿ, ಉಗಿಯ ಹನಿ ಬಿದ್ದು ಮೇಲ್ಮೈ ಗುಳಿಯಾಗುವುದಿಲ್ಲ. ಇಂಗ್ಲಿಷರ ಪುಡಿಂಗ್ ಬೋಗುಣಿಗೆ ದಪ್ಪ ಅಂಚು ಇರುವುದೂ ದಾರ ಕಟ್ಟಲಿಕ್ಕೇ. ನಿಮ್ಮ ಡಬ್ಬಿಯ ಅಂಚು ಆ ಕೆಲಸವನ್ನು ಬಿಟ್ಟಿಯಾಗಿ ಮಾಡುತ್ತದೆ. ಕುಕ್ಕರಿನಲ್ಲಾದರೆ ಸೀಟಿ ತೆಗೆದಿಡಿ. ಸಣ್ಣ ಉರಿಯಲ್ಲಿ 20–25 ನಿಮಿಷ ಸಾಕು. ಚಾಕು ಚುಚ್ಚಿ ತೆಗೆದರೆ ಹಾಲು ಅಂಟಿರಬಾರದು.

ಮಣ್ಣಿನ ಕುಡಿಕೆಯೂ ನಡೆಯುತ್ತದೆ, ಹೊತ್ತು ಹಿಡಿಯುತ್ತದೆ ಅಷ್ಟೆ. ಕಲಾಯಿ ಹೋದ ಹಿತ್ತಾಳೆ ಬೇಡವೇ ಬೇಡ. ಉಡುಪಿ, ಕಾಸರಗೋಡಿನ ಕಡೆ ಹಲಸಿನೆಲೆಯನ್ನು ಕಡ್ಡಿ ಚುಚ್ಚಿ ಹೆಣೆದು ಕೊಟ್ಟೆ ಮಾಡಿ, ಅದರಲ್ಲೇ ಇಡ್ಲಿ ಹಿಟ್ಟು ಬೇಯಿಸುತ್ತಾರೆ. ಪಾತ್ರೆಯಿಲ್ಲದ ಪಾಕಶಾಸ್ತ್ರ ಅಂದರೆ ಅದು! ಆದರೆ ಅದು ಗಟ್ಟಿ ಹಿಟ್ಟಿಗೆ. ಗಿಣ್ಣದ ಹಾಲು ಅದರಲ್ಲಿ ನಿಲ್ಲುವುದಿಲ್ಲ, ಒಲೆ ತೊಳೆಯುವ ಕೆಲಸ ನಿಮಗೇ.

ಬೆಲ್ಲ ಮಹಾಲಿಂಗಪುರದ್ದಿದ್ದರೂ ಸೋಸದೆ ಬಳಸಬೇಡಿ. ತಣ್ಣನೆ ಹಾಲಿನಲ್ಲೇ ಕರಗಿಸಿ, ಏಲಕ್ಕಿ ಹಾಕಿ. ಕರು ಹೊಟ್ಟೆ ತುಂಬ ಕುಡಿದ ಮೇಲೆ ಉಳಿದದ್ದಷ್ಟೇ ಗಿಣ್ಣಕ್ಕೆ. ಮೊದಲ ದಿನದ ಹಾಲಿಗೆ ಅಷ್ಟೇ ಮಾಮೂಲಿ ಹಾಲು ಬೆರೆಸಿ, ಇಲ್ಲದಿದ್ದರೆ ರಬ್ಬರಿನಂತಾಗುತ್ತದೆ. ಎರಡನೇ ದಿನದ್ದಕ್ಕೆ ಏನೂ ಬೆರೆಸಬೇಡಿ. ಮೂರನೆಯ ದಿನದ್ದು ಯಾವ ಬೋಗುಣಿಯಲ್ಲಿಟ್ಟರೂ ಸರಿಯಾಗಿ ಕಟ್ಟುವುದು ಕಷ್ಟ. ಬಾಣಲೆಗೆ ಸುರಿದು, ಒಡೆಯುವಷ್ಟು ಕಾಯಿಸಿ, ಬೆಲ್ಲ ಹಾಕಿ ಕೈಯಾಡಿಸಿ ತಿಂದುಬಿಡಿ.