ಮೊದಲು ಗಿಡದ ಪರಿಚಯ ಮಾಡಿಕೋ

ನಿನ್ನ ಉಮೇದು ನನಗೆ ಇಷ್ಟ, ಮಾರಾಯ. ಫೋನಿನಲ್ಲಿ ಯಾರೋ ಕಳಿಸಿದ ಫಗಾ ಬುಟ್ಟಿಯ, ಅಂದರೆ ಮರಳಿನಡಿ ಬೆಳೆಯುವ ಅಣಬೆಯ ಬುಟ್ಟಿಯ, ಚಿತ್ರ ನೋಡಿದೆ, ಬರುವ ಶುಕ್ರವಾರವೇ ಕುವೈತಿನ ಮರುಭೂಮಿಗೆ ಹೊರಟುಬಿಟ್ಟೆ. ಗಾಡಿ ಸಿದ್ಧ, ಅಬ್ಬಾಸಿಯಾದ ಗೆಳೆಯರು ಸಿದ್ಧ, ಬಿರಿಯಾನಿಯೂ ಸಿದ್ಧ. ಹೊಸ ಗುದ್ದಲಿ ಬೇರೆ ತಂದಿಟ್ಟಿದ್ದೀಯಂತೆ. ಅದನ್ನು ಮನೆಯಲ್ಲೇ ಬಿಡು. ಅದಕ್ಕೂ ಮೊದಲು ಒಂದು ಮಾತು ಹೇಳು: ಈ ಸಲ ಮಳೆ ಯಾವಾಗ ಬಿತ್ತು?

ನೋಡು, ಬಾಯಿ ಕಟ್ಟಿತು. ಫಗಾ ಹುಡುಕುವವನು ಫೆಬ್ರವರಿಯಲ್ಲಿ ಕಣ್ಣು ಬಿಟ್ಟರೆ ಆಗುವುದಿಲ್ಲ, ಅಕ್ಟೋಬರ್‌ನಲ್ಲೇ ಆಕಾಶ ನೋಡಬೇಕು. ಅಕ್ಟೋಬರ್ ಮಧ್ಯದಿಂದ ಡಿಸೆಂಬರ್ ಮೊದಲ ವಾರದವರೆಗಿನ ದಿನಗಳನ್ನು ಇಲ್ಲಿಯ ಹಿರಿಯರು ವಸ್ಮ್ ಎನ್ನುತ್ತಾರೆ. ನಿನ್ನ ಅಜ್ಜಿಯ ಪಂಚಾಂಗದಲ್ಲಿ ಅದು ಚಿತ್ತೆ, ಸ್ವಾತಿ, ವಿಶಾಖ, ಅನುರಾಧಾ ಮಳೆಗಳ ಕಾಲ. ಈ ನಾಡಿನಲ್ಲಿ ವರ್ಷವಿಡೀ ಬೀಳುವುದೇ ನೂರು ಚಿಲ್ಲರೆ ಮಿಲಿಮೀಟರ್. ಆಗುಂಬೆಯಲ್ಲಿ ಆಷಾಢದ ಒಂದೇ ದಿನ ಅಷ್ಟು ಸುರಿದುಹೋಗುತ್ತದೆ. ಆ ಚೂರು ಮಳೆಯೂ ವಸ್ಮ್‌ನಲ್ಲಿ ಬಂದು, ಚಳಿಗಾಲದಲ್ಲಿ ನಡುನಡುವೆ ಇನ್ನೆರಡು ಸಲ ನೆಲ ತೋಯಿಸಿದರೆ ಜನವರಿ ಕೊನೆಯಿಂದ ಮಾರ್ಚ್‌ವರೆಗೆ ಫಗಾ ಆಸೆ ಇಟ್ಟುಕೊಳ್ಳಬಹುದು. ಮಳೆ ತಡವಾದ ವರ್ಷ ನೀನು ಎಷ್ಟು ಪೆಟ್ರೋಲ್ ಸುಟ್ಟರೂ ಸಿಗುವುದು ಧೂಳೇ.

ಗುಡುಗಿಗೇ ಫಗಾ ಏಳುತ್ತದೆ ಎಂದು ಹಳೇ ಕುವೈತಿಗಳು ನಂಬುತ್ತಾರೆ. ನಗಬೇಡ. ಮೊದಲ ಗುಡುಗಿಗೆ ಕಲ್ಲಣಬೆ ಏಳುತ್ತದೆಂದು ಕಾರ್ಕಳ, ಬೆಳ್ತಂಗಡಿ ಕಡೆ ಗುಡ್ಡ ಹತ್ತುವವರು ನಮ್ಮವರೇ. ಗುಡುಗಿನ ವಿಷಯ ಹೇಗೋ ಏನೋ, ಗುಡುಗಿನ ಹಿಂದೆ ಬರುವ ಮಳೆಯನ್ನು ಮಾತ್ರ ಇಬ್ಬರೂ ಸರಿಯಾಗಿಯೇ ಗುರುತಿಟ್ಟುಕೊಂಡಿದ್ದಾರೆ.

ಈಗ ಮುಖ್ಯ ವಿಷಯಕ್ಕೆ ಬಾ. ಫಗಾ ಹುಡುಕಬೇಡ, ಗಿಡ ಹುಡುಕು. ರಗ್ರೂಗ್ ಎಂಬ ಕುಳ್ಳು ಗಿಡವಿದೆ: ಬೂದುಹಸಿರು ಸಣ್ಣ ಎಲೆ, ಕಾಳಿನಷ್ಟು ಹಳದಿ ಹೂ. ಮಣ್ಣಿನೊಳಗೆ ಫಗಾದ ಎಳೆಗಳು ಆ ಗಿಡದ ಬೇರಿಗೆ ಸುತ್ತಿಕೊಂಡಿರುತ್ತವೆ. ನೀರು, ರಂಜಕ ಎಲ್ಲವನ್ನೂ ಬೇರಿಗೆ ಒದಗಿಸಿಕೊಡುವುದು ಎಳೆ; ಬಿಸಿಲಲ್ಲಿ ಮಾಡಿದ ಸಕ್ಕರೆಯಲ್ಲಿ ಅದಕ್ಕೆ ಪಾಲು ಕೊಡುವುದು ಗಿಡ. ಅತ್ತೆ ಸೊಸೆ ಹೊಂದಿಕೊಂಡ ಮನೆಯಂತೆ ಅದು, ಒಬ್ಬರನ್ನು ಹೊರಗೆ ಹಾಕಿದರೆ ಇನ್ನೊಬ್ಬರೂ ಉಳಿಯುವುದಿಲ್ಲ. ನೀನು ಅವಸರದಲ್ಲಿ ಗಿಡ ಕಿತ್ತು ಬಿಸಾಡಿದರೆ ಹಾಳಾಗುವುದು ಆ ಒಂದು ಬುಟ್ಟಿಯಲ್ಲ, ಮುಂದಿನ ವರ್ಷಗಳ ಎಲ್ಲ ಬುಟ್ಟಿ. ಕಾಡುಗಿಡ ಕೀಳುವುದು ಇಲ್ಲಿಯ 2014ರ ಪರಿಸರ ಕಾಯ್ದೆಯಲ್ಲೂ ಅಪರಾಧ. ಕಾಯ್ದೆ ಇರದಿದ್ದರೂ ನಾನು ಬೈಯುತ್ತಿದ್ದೆ. ಇನ್ನೊಂದು ಎಚ್ಚರ: ಅರ್ಫಜ್ ಕೂಡ ಹಳದಿ ಹೂವಿನ ಗಿಡ, ಅದು ಕುವೈತಿನ ರಾಷ್ಟ್ರೀಯ ಹೂ. ಹೊಸಬರು ಅದರ ಬುಡದಲ್ಲೇ ದಿನವಿಡೀ ಮಂಡಿಯೂರಿ ಕೂತಿರುತ್ತಾರೆ. ನೀನೂ ಕೂರುತ್ತೀಯ, ನನಗೆ ಗೊತ್ತು.

ಸ್ಪೇನಿನ ಮುರ್ಸಿಯಾದಲ್ಲಿ ಈ ಜಾತಿಯ ಅಣಬೆಯನ್ನೇ ತೋಟ ಮಾಡಿ ಬೆಳೆಸಿದ್ದಾರೆ. 1999ರಲ್ಲಿ ನೆಟ್ಟು 2001ರಲ್ಲಿ ಕಿತ್ತರು. ಅಲ್ಲಿಯೂ ನೆಟ್ಟದ್ದು ಅಣಬೆಯನ್ನಲ್ಲ, ಬೇರಿಗೆ ಎಳೆ ಹಿಡಿಸಿದ ಗಿಡವನ್ನು. ಕಲಿತವರೂ ಗಿಡದ ಕಾಲು ಹಿಡಿದೇ ಗೆದ್ದದ್ದು.

ಹೊತ್ತು ನೋಡಿಕೊಂಡು ಹೋಗು. ನಡುಮಧ್ಯಾಹ್ನ ಹೋದರೆ ಬಿಸಿಲಿಗೆ ನೆಲವೆಲ್ಲ ಒಂದೇ ಸಮ ಕಾಣುತ್ತದೆ. ಬೆಳಿಗ್ಗೆ ಬೇಗ, ಇಲ್ಲವೇ ಇಳಿಹೊತ್ತು. ಸೂರ್ಯ ಕೆಳಗಿದ್ದಾಗ ಮಣ್ಣಿನ ಸಣ್ಣ ಉಬ್ಬಿಗೂ ನೆರಳು ಬೀಳುತ್ತದೆ. ಆ ಉಬ್ಬಿನ ಮೇಲೆ ನಕ್ಷತ್ರದ ಹಾಗೆ ಒಡೆದ ಬಿರುಕು ಕಂಡರೆ ನಿಲ್ಲು. ಕೂಗಿ ಎಲ್ಲರನ್ನೂ ಕರೆಯಬೇಡ. ನಾಲ್ಕು ಜನ ಓಡಿಬಂದು ಸುತ್ತಲಿನ ನಾಲ್ಕು ಬಿರುಕು ತುಳಿದುಹಾಕುತ್ತಾರೆ. ಬೆರಳಿನಿಂದ ಬದಿಯ ಮರಳು ಸರಿಸು, ಕೆಳಗಿನಿಂದ ಎತ್ತು. ತೀರಾ ಚಿಕ್ಕದಿದ್ದರೆ ಮುಚ್ಚಿಬಿಡು. ಹುಳ ಬಿದ್ದದ್ದು, ಕೊಳೆತದ್ದು ಸಿಕ್ಕರೆ ಅಸಹ್ಯಪಟ್ಟು ಎಸೆಯಬೇಡ, ಪುಡಿಮಾಡಿ ಅದೇ ಗುಂಡಿಗೆ ಹಾಕು. ಬೀಜಕಣ ಇರುವುದು ಅದರಲ್ಲೇ. ಗುಂಡಿ ಮುಚ್ಚದೆ ಏಳಬೇಡ. ಗಾಡಿಯನ್ನು ಹಳೇ ಚಕ್ರದ ದಾರಿಯಲ್ಲೇ ನಿಲ್ಲಿಸಿ ನಡೆದು ಹೋಗು. ಟೈರು ಒತ್ತಿದ ಮಣ್ಣಿಗೆ ನೀರು ಇಳಿಯುವುದಿಲ್ಲ, ಗಿಡ ಹುಟ್ಟುವುದಿಲ್ಲ. ಗಾಡಿಯ ಗಮ್ಮತ್ತು ಬೇರೆ ಕಡೆ ತೋರಿಸು.

ಇನ್ನು ಹೇಳುವುದನ್ನು ತಮಾಷೆಗೆ ತೆಗೆದುಕೊಳ್ಳಬೇಡ. 1990ರ ಆಗಸ್ಟ್ 2ರಂದು ಇರಾಕಿ ಸೇನೆ ಒಳಗೆ ಬಂತು, 1991ರ ಫೆಬ್ರವರಿ ಕೊನೆಗೆ ಹೋಯಿತು. ಹೂತ ನೆಲಬಾಂಬು, ಮೇಲಿನಿಂದ ಬಿದ್ದು ಸಿಡಿಯದ ಗುಂಡು ಎಲ್ಲವೂ ಆಮೇಲೆ ಉಳಿದವು. ವರ್ಷಗಟ್ಟಲೆ ಹೆಕ್ಕಿ ತೆಗೆದಿದ್ದಾರೆ, ಆದರೂ ಜೋರು ಮಳೆ ಗಾಳಿಗೆ ಮರಳು ಸರಿದಾಗ ಈಗಲೂ ಒಂದೊಂದು ಮೇಲೆ ಬರುತ್ತದೆ. ಫಗಾ ಕೀಳಲು ಹೋಗಿ ಕೈಕಾಲು ಕಳೆದುಕೊಂಡವರು, ಜೀವ ಕಳೆದುಕೊಂಡವರು ಇದ್ದಾರೆ. ಮರಳಲ್ಲಿ ಲೋಹ ಕಂಡರೆ ಮುಟ್ಟಬೇಡ, ಒದೆಯಬೇಡ, ಫೋಟೋಗೆ ಹತ್ತಿರ ಹೋಗಬೇಡ. ಬಂದ ಹೆಜ್ಜೆಯಲ್ಲೇ ಹಿಂದೆ ಬಂದು 112ಕ್ಕೆ ಫೋನು ಮಾಡು. ಗಡಿಯ ಕಡೆಗೂ ಬೇಲಿ ಹಾಕಿದ ಜಾಗಕ್ಕೂ ಕಾಲಿಡಬೇಡ. ಊರಲ್ಲಿ ನಿನ್ನ ಅಮ್ಮನಿಗೆ ಉತ್ತರ ಹೇಳಬೇಕಾದವಳು ನಾನು.

ಮೊದಲ ವರ್ಷ ಏನೂ ಸಿಗದಿದ್ದರೆ ಮುಖ ಊದಿಸಿಕೊಳ್ಳಬೇಡ. ಸೀಸನ್ನಿನಲ್ಲಿ ಅಲ್ ರಾಯ್‌ನ ಫಗಾ ಮಾರ್ಕೆಟ್ಟಿಗೆ ಹೋಗು. ಇರಾಕಿನದು, ಸೌದಿಯದು, ದೂರದ ಅಲ್ಜೀರಿಯಾದ್ದು ಎಲ್ಲವೂ ಬಂದಿರುತ್ತದೆ. ಕೈಯಲ್ಲಿ ಹಿಡಿದು ನೋಡು. ಬಿಳಿಯದು ಜುಬೈದಿ, ನೀನು ಶುಕ್ರವಾರ ಹುರಿಯುವ ಮಾಂಜಿ ಮೀನಿಗೂ ಇಲ್ಲಿ ಅದೇ ಹೆಸರು. ಕೆಂಪುಕಂದು ಇರುವುದು ಖ್ಲಾಸಿ. ಒಳ್ಳೆಯದು ಗಟ್ಟಿಯಾಗಿರುತ್ತದೆ, ಹಿಸುಕಿದರೆ ಒಳಗೆ ಹೋಗುವುದನ್ನು ಬಿಡು. ವ್ಯಾಪಾರಿ ಮುದುಕರಿಗೆ ಸಲಾಂ ಹೇಳಿ ಪಕ್ಕದಲ್ಲಿ ನಿಂತುಕೋ. ಎಲ್ಲಿ ಸಿಗುತ್ತದೆ ಎಂದು ಮಾತ್ರ ಕೇಳಬೇಡ, ಯಾರೂ ಹೇಳುವುದಿಲ್ಲ. ಈ ಸಲ ಮಳೆ ಹೇಗೆ ಎಂದು ಕೇಳು, ಗಂಟೆಗಟ್ಟಲೆ ಹೇಳುತ್ತಾರೆ.

ಸಿಕ್ಕ ದಿನ ಪ್ಲಾಸ್ಟಿಕ್ ಚೀಲಕ್ಕೆ ತುಂಬಬೇಡ, ಬೆವತು ಕೊಳೆಯುತ್ತದೆ, ಬಟ್ಟೆಚೀಲ ಒಯ್ಯಿ. ನೇರ ನನ್ನ ಮನೆಗೆ ತಾ. ಸಂದುಸಂದಿನ ಮರಳು ಹೋಗುವವರೆಗೆ ತೊಳೆಯುವುದು ನಿನ್ನ ಕೆಲಸ, ಹಲ್ಲಿಗೆ ಒಂದು ಹರಳು ಸಿಕ್ಕಿದರೂ ಮತ್ತೆ ತೊಳೆಸುತ್ತೇನೆ. ಸಿಪ್ಪೆ ತೆಗೆದು ಉಪ್ಪುನೀರಲ್ಲಿ ಬೇಯಿಸಿ, ತೆಂಗಿನಕಾಯಿ, ಬ್ಯಾಡಗಿ ಮೆಣಸು ಹುರಿದು ಅರೆದು ಗಸಿ ಮಾಡೋಣ. ಬೇಯಿಸಿದ ನೀರು ಚೆಲ್ಲಬೇಡ, ಬಟ್ಟೆಯಲ್ಲಿ ಸೋಸಿಡು, ಅನ್ನಕ್ಕೆ ಅದನ್ನೇ ಇಡುತ್ತೇನೆ.