ಒಂದು ಮಗು, ಒಂದು ಸಾಲು

ಜಯನಗರದ ಪ್ರೌಢಶಾಲೆಯೊಂದರಲ್ಲಿ ಬೋಧನಾಭ್ಯಾಸದ ವೇಳೆ 9ನೇ ತರಗತಿಗೆ ಬಹುಪದೋಕ್ತಿಗಳ ಮೇಲೆ 20 ಅಂಕಗಳ ಮೂರು ಕಿರುಪರೀಕ್ಷೆ ನಡೆಸಿದೆ. ಸರಾಸರಿ 12ಕ್ಕಿಂತ ಕಡಿಮೆ ಇದ್ದವರಿಗೆ ಪರಿಹಾರ ಬೋಧನೆ ಎಂದು ನಿರ್ಧರಿಸಿದ್ದೆ. ಉತ್ತರಪತ್ರಿಕೆ ತಿದ್ದಿದಂತೆಲ್ಲ ಒಂದೊಂದು ಸಾಲು: ಸ್ಯಾಟ್ಸ್ ಸಂಖ್ಯೆ, ದಿನಾಂಕ, ಪರೀಕ್ಷೆ, ಅಂಕ. ಹಾಜರಿ ಸಂಖ್ಯೆ ಎರಡೂ ವಿಭಾಗಗಳಲ್ಲಿ 1ರಿಂದಲೇ ಶುರು, ಒಂದೇ ಹೆಸರಿನವರೂ ಇದ್ದಾರೆ. ಗುರುತಿಗೆ ಸ್ಯಾಟ್ಸ್ ಸಂಖ್ಯೆಯೇ ಸರಿ.

80 ಮಕ್ಕಳಿಗೆ 240 ಸಾಲು ಇರಬೇಕು. ಇದ್ದದ್ದು 238. ಎರಡಷ್ಟೇ ಕಡಿಮೆ ಎಂದುಕೊಂಡೆ. ನಿಜವಾಗಿ 5 ಮಕ್ಕಳು ತಲಾ ಒಂದು ಪರೀಕ್ಷೆಗೆ ಗೈರು. 3 ಸಾಲು ಮರುಪರೀಕ್ಷೆಯವು.

ಎಕ್ಸೆಲ್‌ನ ಪಿವಟ್ ಟೇಬಲ್ ಒಂದೇ ನಿಮಿಷದಲ್ಲಿ 80 ಸಾಲು ಮಾಡಿಕೊಟ್ಟಿತು. ಹಿಗ್ಗಿದೆ. ಆಮೇಲೆ ಒಬ್ಬ ಹುಡುಗನ ಎದುರು 20ಕ್ಕೆ 21 ಕಂಡಿತು! ಮೊದಲು 6, ಮರುಪರೀಕ್ಷೆಯಲ್ಲಿ 15. ಬೇರೆ ಹೇಳದಿದ್ದರೆ ಪಿವಟ್ ಟೇಬಲ್ ಸಂಖ್ಯೆಗಳನ್ನು ಕೂಡಿಬಿಡುತ್ತದೆ. ಮರುಪರೀಕ್ಷೆ ಬರೆದ ಉಳಿದಿಬ್ಬರ ಮೊತ್ತ 20 ದಾಟಿರಲಿಲ್ಲ, ಅದಕ್ಕೇ ಕಣ್ಣಿಗೆ ಬಿದ್ದಿರಲಿಲ್ಲ.

ಆರ್ ಭಾಷೆಯಲ್ಲಿ ಟೈಡಿಆರ್ ಪ್ಯಾಕೇಜಿನ ‘ಪಿವಟ್ ವೈಡರ್’ ಹೀಗೆ ಮುಚ್ಚಿಡುವುದಿಲ್ಲ. ಒಂದೇ ಕೋಶಕ್ಕೆ ಎರಡು ಬೆಲೆ ಬಂದರೆ ಎಚ್ಚರಿಸಿ, ಎರಡನ್ನೂ ಪಟ್ಟಿಯಾಗಿ ಇಡುತ್ತದೆ. ಗರಿಷ್ಠವೋ, ಸರಾಸರಿಯೋ, ಕೊನೆಯದೋ ಎಂದು ನಾವು ಹೇಳಬೇಕು. ಈಗ ಯಾರಿಗೆ ನೆರವು ಬೇಕು ಎಂಬುದು ನನ್ನ ಪ್ರಶ್ನೆ, ಆದ್ದರಿಂದ ಕೊನೆಯದು. ಅದಕ್ಕೆ ಮೊದಲು ದಿನಾಂಕದ ಕ್ರಮದಲ್ಲಿ ಜೋಡಿಸದಿದ್ದರೆ ‘ಕೊನೆಯದು’ ಎಂದರೆ ಕೊನೆಗೆ ಟೈಪ್ ಮಾಡಿದ್ದು. ಗುರುತು ಸ್ಯಾಟ್ಸ್ ಸಂಖ್ಯೆ ಮಾತ್ರ ಎಂದೂ ತಿಳಿಸಬೇಕು. ಇಲ್ಲವಾದರೆ ದಿನಾಂಕವೂ ಗುರುತಿನ ಭಾಗವಾಗಿ ಒಂದೇ ಮಗು ಮೂರು ಸಾಲಿನಲ್ಲಿ ಉಳಿಯುತ್ತದೆ.

ಖಾಲಿ ಕೋಶಗಳು ಇನ್ನೂ ತೊಡಕಿನವು. ಪಟ್ಟಿ ಚೆಂದ ಕಾಣಲೆಂದು 0 ತುಂಬಿಸಿದ್ದೆ. 14, ಗೈರು, 16 ಇದ್ದ ಹುಡುಗಿಯ ಸರಾಸರಿ 10ಕ್ಕೆ ಇಳಿಯಿತು. ಪರಿಹಾರ ಬೋಧನೆಯ ಪಟ್ಟಿಯಲ್ಲಿ ಅವಳ ಹೆಸರು ಓದಿದಾಗ ಏನೂ ಹೇಳದೆ ಎದ್ದು ಆ ಗುಂಪಿನಲ್ಲಿ ಕೂತಳು. ಪಾಠ ವೀಕ್ಷಿಸುತ್ತಿದ್ದ ಮಾರ್ಗದರ್ಶಕ ಶಿಕ್ಷಕಿ ಬಿಡುವಿನಲ್ಲಿ ಕೇಳಿದರು: “ಬರೀದೇ ಇರೋದೂ ಸೊನ್ನೆ ತಗೊಳ್ಳೋದೂ ಒಂದೇನಪ್ಪಾ?”

ಖಾಲಿ ಬಿಟ್ಟು ಲೆಕ್ಕ ಹಾಕಿದರೆ ಅವಳ ಸರಾಸರಿ 15. ಆದರೆ ತಪ್ಪಿಹೋದದ್ದು ಅಪವರ್ತನ ಪ್ರಮೇಯದ ಪರೀಕ್ಷೆ; ಅದು ಅವಳಿಗೆ ಬರುತ್ತದೋ ಇಲ್ಲವೋ ಈ 15 ಹೇಳುವುದಿಲ್ಲ. ಹಾಗಾಗಿ ‘ಬರೆದ ಪರೀಕ್ಷೆಗಳು’ ಎಂಬ ಇನ್ನೊಂದು ಕಾಲಂ ಸೇರಿಸಿದೆ. ಅದರಲ್ಲಿ 2 ಇದ್ದ ಐವರಿಗೂ ಮರುದಿನ ತಪ್ಪಿದ ಪರೀಕ್ಷೆ ಕೊಟ್ಟೆ. ಅವಳ ಬಳಿ ಕ್ಷಮೆಯನ್ನೂ ಕೇಳಿದೆ. ಅವಳು 13 ತೆಗೆದಳು.