ಮಗಳ ಕಾಲೇಜು ಫೀ, ತಾಯಿಯ ಫೋನು



ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆಯ ಎಷ್ಟೋ ತಾಯಂದಿರು ಸಂಘದಲ್ಲಿ ಸಾಲ ತೆಗೆದು ಮಕ್ಕಳ ಡಿಗ್ರಿ ಫೀ ಕಟ್ಟುತ್ತಾರೆ. 2021ರಲ್ಲಿ ಯು.ಯು.ಸಿ.ಎಂ.ಎಸ್. ಎಂಬ ಸರ್ಕಾರಿ ಆನ್‌ಲೈನ್ ವ್ಯವಸ್ಥೆ ಬಂದ ಮೇಲೆ ಪ್ರವೇಶ, ಪರೀಕ್ಷೆ ಫೀ ಫೋನಿನಲ್ಲೇ ಕಟ್ಟುವುದು ಹೆಚ್ಚಾಗಿದೆ.

ನಾವು ಸಭೆಯಲ್ಲಿ ಹೇಳುವುದು ಒಂದೇ: ಕೊನೆಯ ದಿನದವರೆಗೆ ಕಾಯಬೇಡಿ. ಅವತ್ತು ಎಲ್ಲರೂ ಕಟ್ಟೋರೇ. ಖಾತೆಯಿಂದ ರೊಕ್ಕ ಹೋಗುತ್ತದೆ, ರಸೀದಿ ಬರುವುದಿಲ್ಲ. ಆಗ ಗಾಬರಿಯಾಗಿ ತಕ್ಷಣ ಇನ್ನೊಮ್ಮೆ ಕಟ್ಟಬಾರದು. ಬ್ಯಾಂಕಿನ ಮೆಸೇಜು, ಅದರಲ್ಲಿನ ನಂಬರು ಇಟ್ಟುಕೊಳ್ಳಿ. ಮಗಳ ಲಾಗಿನ್‌ನಲ್ಲಿ ಫೀ ಜಮಾ ಆಗಿದೆಯಾ ನೋಡಿಸಿ, ಕಾಲೇಜಿನ ಆಫೀಸಿನಲ್ಲಿ ಕೇಳಿ. ಯು.ಪಿ.ಐ. ಮೂಲಕ ಹೋದ ರೊಕ್ಕ ಅವರಿಗೆ ಮುಟ್ಟದಿದ್ದರೆ ಐದು ದಿನದೊಳಗೆ ತಾನಾಗಿ ವಾಪಸ್ ಬರಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ಇದು ರಿಸರ್ವ್ ಬ್ಯಾಂಕಿನ 2019ರ ಆದೇಶ. ಆದರೆ ಪರೀಕ್ಷೆ ಅರ್ಜಿಯ ಕೊನೆಯ ತಾರೀಖು ಐದು ದಿನ ಕಾಯುತ್ತದೆಯೇ? ಅದಕ್ಕೇ ವಾರ ಮೊದಲೇ ಕಟ್ಟಿರಿ.

ಸೈಬರ್ ಅಂಗಡಿಯಲ್ಲಿ ಕಟ್ಟಿಸಿದರೂ ಪಿನ್ ನೀವೇ ಒತ್ತಬೇಕು. ಹುಡುಗ ಪರಿಚಯದವನೇ ಇರಲಿ, ಹೇಳಬೇಡಿ. "ಫೀ ವಾಪಸ್ ಹಾಕ್ತೀವ್ರೀ, ಪಿನ್ ಒತ್ರಿ" ಅಂತ ಯಾರಾದರೂ ಫೋನ್ ಮಾಡಿದರೆ ಇಟ್ಟುಬಿಡಿ. ರೊಕ್ಕ ಬರೋದಕ್ಕೆ ಪಿನ್ ಬೇಕಿಲ್ಲ. ಮೋಸವಾದರೆ ಕೂಡಲೇ 1930ಕ್ಕೆ ಕರೆ ಮಾಡಿ.

ರಸೀದಿ ಪ್ರಿಂಟ್ ತೆಗೆಸಿಡಿ. ಸ್ಕಾಲರ್‌ಶಿಪ್ ಅರ್ಜಿ ಹಾಕುವಾಗಲೂ ಅದನ್ನು ಕೇಳುತ್ತಾರೆ.